ಪಕ್ಕದ ಮನೆಯ ಪಾರ್ಸೆಲ್ಲು

ದೂಮಪ್ಪ: ನಿನ್ನದಲ್ಲ ಅಂದ ಮೇಲೆ ಅಲ್ಲ ಮಾರಾಯ. ಹೆಸರು ಓದು. ಪ್ರಹ್ಲಾದ. ಮನೆ ನಂಬರು ಹದಿನಾರು.

ಲತೀಶ್: ಗೊತ್ತುಂಟು ಮಾವ. ನಾನು ಕೊಟ್ಟು ಬರ್ತೇನೆ ಅಂತ ಹೇಳಿದ್ದು.

ದೂಮಪ್ಪ: ಯಾಕೆ, ಅವನಿಗೆ ಕಾಲಿಲ್ವಾ? ಹನ್ನೆರಡು ಹೆಜ್ಜೆ. ಬಂದು ತಕ್ಕೊಂಡು ಹೋಗ್ಲಿ.

ದೂಮಪ್ಪ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಗಟ್ಟಿಯಾಗಿ ಕೂತಿದ್ದರು. ಮಂಗಳೂರಿನ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಎರಡು ತಿಂಗಳಿಂದ ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಲ್ಲಿ ಮಗಳು ಕ್ಷಮಾ, ಅಳಿಯ ಲತೀಶನ ಮನೆಯಲ್ಲಿದ್ದರು. ಈ ದೇಶದಲ್ಲಿ ಪಾರ್ಸೆಲ್ಲಿನವನು ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಹೋಗುತ್ತಾನೆ. ಬೀದಿಯವರೆಲ್ಲ ಆಫೀಸಿಗೆ ಹೋದ ಮೇಲೆ ಹಗಲಲ್ಲಿ ಬಾಗಿಲು ತೆರೆಯುವ ಒಂದೇ ಒಂದು ಜೀವ ದೂಮಪ್ಪ. ಹಾಗಾಗಿ ಡಚ್ಚರ ಬೂಟುಗಳಿಂದ ಹಿಡಿದು ನಾಯಿಯ ಬಿಸ್ಕತ್ತಿನವರೆಗೆ ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು.

ಲತೀಶ್ ಈ ಪದ್ಧತಿಯನ್ನು ಮನಸ್ಸಿನಲ್ಲೇ ಶಪಿಸಿದ. ಸಿಗರೇಟು ಬಿಟ್ಟು ವೇಪ್ ಎಂಬ ಇ-ಸಿಗರೇಟು ಹಿಡಿದಿದ್ದ ಅವನು, ಎಲ್ಲವನ್ನೂ ಬಿಟ್ಟೆ ಎಂದು ಹೆಂಡತಿಗೂ ಮಾವನಿಗೂ ಮಾತು ಕೊಟ್ಟಿದ್ದ. ಮಾವನ ಕಣ್ಣಿಗೆ ಬೀಳಬಾರದೆಂದು ವೇಪಿನ ಬಾಟಲಿಗಳನ್ನು ಆನ್‌ಲೈನ್‌ನಲ್ಲಿ ಗೆಳೆಯ ಪ್ರಹ್ಲಾದನ ವಿಳಾಸಕ್ಕೆ ತರಿಸಿದರೆ, ಪ್ರಹ್ಲಾದ ಆಫೀಸಿನಲ್ಲಿ! ಪಾರ್ಸೆಲ್ಲಿನವನು ಪಕ್ಕದ ಇದೇ ಮನೆಯ ಗಂಟೆ ಒತ್ತಿದ್ದ. ಲತೀಶ್ ಹೊಗೆ ಕಾಣದೆ ಇಂದಿಗೆ ಎರಡು ದಿನ.

ದೂಮಪ್ಪ: ಒಳಗೆ ಎಂತ ಉಂಟು ಗೊತ್ತುಂಟಾ?

ಲತೀಶ್: ನಂಗೆ ಹೇಗೆ ಗೊತ್ತಾಗ್ಬೇಕು? ಚಾರ್ಜರ್ ಇರ್ಬಹುದು.

ದೂಮಪ್ಪ: ಕಸ್ಟಮ್ಸ್ ಚೀಟಿಯಲ್ಲಿ ಬರ್ದಿದ್ದಾರೆ. ಇ-ಸಿಗರೇಟಿಗೆ ಹಾಕುವ ದ್ರವ. ಮಾವಿನಹಣ್ಣಿನ ಪರಿಮಳ. ಆರು ಬಾಟ್ಲಿ.

ಲತೀಶ್: ಆರಾ? ಎಂಟಲ್ವಾ?

ದೂಮಪ್ಪ: ಎಂತ ಎಂಟು?

ಲತೀಶ್: ಗಂಟೆ, ಮಾವ. ಗಂಟೆ ಎಂಟಾಯ್ತಲ್ವಾ ಅಂತ.

ದೂಮಪ್ಪ: ಈಗ ಆರೂ ಆಗಿಲ್ಲ. ನಿಂಗೆ ಇವತ್ತು ತಲೆ ಸರಿ ಇಲ್ಲ. ನೋಡು, ಈ ಆನ್‌ಲೈನ್‌ಗೆ ಮುಖ ಇಲ್ಲ. ಅಂಗಡಿ ಅಂದ್ರೆ ಮುಖ ನೋಡ್ತಾರೆ, ವಯಸ್ಸು ಕೇಳ್ತಾರೆ, ತಕ್ಕೊಳ್ಳುವವನಿಗೂ ಸ್ವಲ್ಪ ನಾಚಿಕೆ ಇರ್ತದೆ. ಸ್ಟೇಷನ್ ಹತ್ರದ ಸಿಗರೇಟು ಅಂಗಡಿ ಹೆಂಗಸು ಹೇಳಿದ್ಳು, ಇಲ್ಲಿ ಇದನ್ನು ಆನ್‌ಲೈನಲ್ಲಿ ಮಾರುದೇ ನಿಷೇಧ ಅಂತೆ.

ಲತೀಶ್: ಆ ಅಂಗಡಿಯಲ್ಲಿ ತಂಬಾಕಿನ ರುಚಿದ್ದು ಬಿಟ್ರೆ ಬೇರೆ ಎಂತ ಮಾರ್ಲಿಕ್ಕೆ ಬಿಡ್ತಾರೆ ಮಾವ? ತಂಬಾಕು ಬಿಡ್ಲಿಕ್ಕೆ ಹೋದವನಿಗೆ ತಂಬಾಕಿನ ರುಚಿಯೇ ಎಳಿ ಅಂದ್ರೆ ಇದೆಂಥ ಕಾನೂನು!

ದೂಮಪ್ಪ: ಇದೆಲ್ಲ ನಿಂಗೆ ಹೇಗೆ ಗೊತ್ತು?

ಲತೀಶ್: ಪೇಪರಲ್ಲಿ ಓದಿದ್ದು.

ದೂಮಪ್ಪ: ಡಚ್ ಪೇಪರಲ್ಲಿ? ಡಚ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವ?

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಗಿ ಲತೀಶನ ಪ್ರಾಣ ಉಳಿಯಿತು. ಬಂದವನು ಪ್ರಹ್ಲಾದ, ಬೆಂಗಳೂರಿನ ಹುಡುಗ. ದೂಮಪ್ಪನವರು ತಮ್ಮ ತಂಗಿಯ ಮಗಳು, ಹಲ್ಲಿನ ಡಾಕ್ಟರು ವತ್ಸಲಾಳಿಗೆ ಇವನನ್ನು ನೋಡಿಟ್ಟಿದ್ದರು. ಪ್ರಹ್ಲಾದನೋ ಲೈಡನ್ ಊರಿನಲ್ಲಿ ಓದುತ್ತಿದ್ದ ಸ್ಮೃತಿ ಎಂಬ ಹುಡುಗಿಯನ್ನು ಮನಸ್ಸಿನಲ್ಲಿಟ್ಟಿದ್ದ. ಅವಳ ಪಿಎಚ್‌ಡಿ ಮುಗಿಯುವ ತನಕ ಬಾಯಿ ಬಿಡುವಂತಿರಲಿಲ್ಲ.

ದೂಮಪ್ಪ: ಬಾ ಪ್ರಹ್ಲಾದ. ಈ ಸೇದುವ ಸಾಮಾನು ನಿನ್ನದಾ?

ಮಾವನ ಬೆನ್ನ ಹಿಂದಿನಿಂದ ಲತೀಶ್ ಕೈಮುಗಿದ. ಪ್ರಹ್ಲಾದ ಡಬ್ಬಿ ನೋಡಿದ, ಗೆಳೆಯನನ್ನು ನೋಡಿದ, ಅವನ ಮುಖ ಅರಳಿತು. ಮದುವೆ ತಪ್ಪಿಸಿಕೊಳ್ಳುವ ದಾರಿ ಹೀಗೆ ಪಾರ್ಸೆಲ್ಲಾಗಿ ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಪ್ರಹ್ಲಾದ: ನಂದೇ ಅಂಕಲ್! ನಾನು ದೊಡ್ಡ ಚಟಗಾರ. ಬೆಳಗ್ಗೆ ಹಲ್ಲುಜ್ಜೋಕ್ಕೆ ಮುಂಚೆ ಒಂದ್ಸಲ, ಉಜ್ಜಿದ್ಮೇಲೆ ಒಂದ್ಸಲ. ನನ್ನಂಥವನಿಗೆ ಡೆಂಟಿಸ್ಟ್ ಹುಡುಗಿ ಕೊಟ್ರೆ ಅವರ ಡಿಗ್ರಿಗೇ ಅವಮಾನ. ದಯವಿಟ್ಟು ಬೇರೆ ಹುಡುಗನ್ನ ನೋಡಿ.

ದೂಮಪ್ಪ ಎದ್ದು ನಿಂತರು. ಬೈಗುಳ ಬರುತ್ತದೆಂದು ಇಬ್ಬರೂ ಕಾದರು. ಆದರೆ ದೂಮಪ್ಪನವರ ಕಣ್ಣಂಚು ಒದ್ದೆಯಾಗಿತ್ತು.

ದೂಮಪ್ಪ: ಮೂವತ್ತೆರಡು ವರ್ಷ ಬ್ಯಾಂಕಲ್ಲಿ ಕೂತು ಜನರ ಸುಳ್ಳು ಕೇಳಿದವ ನಾನು. ತನ್ನ ತಪ್ಪು ತಾನೇ ಹೇಳಿದವನನ್ನು ಇವತ್ತೇ ನೋಡಿದ್ದು. ಚಟ ಬಿಡಿಸ್ಬಹುದು ಮಗಾ, ಸುಳ್ಳು ಬಿಡಿಸ್ಲಿಕ್ಕೆ ಆಗುದಿಲ್ಲ. ವತ್ಸಲಾಗೆ ನೀನೇ ಗಟ್ಟಿ!

ಪ್ರಹ್ಲಾದ: ಅಯ್ಯೋ ಅಂಕಲ್, ಚಟ ತುಂಬಾ ಜೋರಾಗಿದೆ!

ದೂಮಪ್ಪ: ಇರ್ಲಿ. ನಮ್ಮ ಲತೀಶನೇ ಬಿಟ್ಟಿದ್ದಾನೆ, ನಿಂದೇನು ಮಹಾ? ಇವ ಬಿಟ್ಟ ಅಂತ ನನ್ನ ಹೆಂಡತಿ ಊರಲ್ಲಿ ಕಟೀಲು ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿಯೂ ಆಯ್ತು.

ಲತೀಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಮಂಡಿನೋವಿನಲ್ಲಿ ಕಟೀಲಿನವರೆಗೆ ಹೋಗಿ ಬಂದಿದ್ದರು. ಅವರು ಅಂಚೆಯಲ್ಲಿ ಕಳಿಸಿದ ಪ್ರಸಾದ ಈಗ ಅವನ ಪರ್ಸಿನಲ್ಲೇ ಇತ್ತು. ಇತ್ತ ಪ್ರಹ್ಲಾದ ಪಕ್ಕೆ ಚಿವುಟುತ್ತ, “ಹೇಳೋ, ಸ್ಮೃತಿ ನನ್ನ ಕೊಂದುಹಾಕ್ತಾಳೆ” ಎಂದು ಪಿಸುಗುಟ್ಟುತ್ತಿದ್ದ. ಲತೀಶ್ ಕಣ್ಣುಮುಚ್ಚಿ ಬಾಯಿಬಿಟ್ಟ.

ಲತೀಶ್: ಮಾವ, ಅದು ನಂದು. ನಾನು ಬಿಟ್ಟಿಲ್ಲ. ನಿಮ್ಮ ಹತ್ರ, ಅತ್ತೆ ಹತ್ರ, ಕ್ಷಮಾ ಹತ್ರ ಸುಳ್ಳು ಹೇಳಿದ್ದು.

ದೂಮಪ್ಪ ಅಳಿಯನ ಭುಜ ತಟ್ಟಿದರು.

ದೂಮಪ್ಪ: ನೋಡಿದ್ಯಾ ಪ್ರಹ್ಲಾದ, ನಿನ್ನ ಮಾನ ಉಳಿಸ್ಲಿಕ್ಕೆ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ! ಸ್ನೇಹ ಅಂದ್ರೆ ಇದು.

ಲತೀಶ್: ಅಲ್ಲ ಮಾವ, ಸತ್ಯ!

ದೂಮಪ್ಪ: ಸಾಕು ಮಾರಾಯ. ನಾನು ಪೋಸ್ಟ್‌ಕಾರ್ಡ್ ತರ್ಲಿಕ್ಕೆ ದಿನಾ ಆ ಅಂಗಡಿಗೆ ಹೋಗುದು. ಮೊಬೈಲಲ್ಲಿ ನಿಮ್ಮ ಮದುವೆ ಫೋಟೋ ತೋರಿಸಿದೆ. ಅವಳು ನಿನ್ನ ಗುರ್ತು ಹಿಡಿದು, “ಇವನು ವಾರಕ್ಕೆ ಎರಡು ಸಲ ಬರ್ತಿದ್ದ, ಎರಡು ತಿಂಗಳಿಂದ ಕಾಣ್ಲಿಲ್ಲ, ಹುಷಾರಿದ್ದಾನಾ?” ಅಂತ ಕೇಳಿದ್ಳು. ಬಿಟ್ಟಿದ್ದಾನೆ ಅಂದೆ. ಪಾಪ, ಮುಖ ಸಣ್ಣ ಮಾಡಿದ್ಳು. ನಿನ್ನ ಮಾತು ನಂಬಿದ್ದಲ್ಲ ನಾನು. ಅವಳ ಮಾತು ನಂಬಿದ್ದು!

ಡಬ್ಬಿ ಪ್ರಹ್ಲಾದನ ಕೈ ಸೇರಿತು. ಅವನೇ ಅದನ್ನು ಕಸಕ್ಕೆ ಹಾಕಬೇಕು, ಬಿಟ್ಟ ಅನುಭವ ಇರುವ ಲತೀಶ್ ಜೊತೆಗಿದ್ದು ಧೈರ್ಯ ಹೇಳಬೇಕು ಎಂದು ಅಪ್ಪಣೆಯಾಯಿತು. ಇಬ್ಬರೂ ಬೀದಿಗೆ ಬಂದರು.

ಲತೀಶ್: ಒಂದೇ ಒಂದು ಬಾಟ್ಲಿ ಕೊಡು ಮಾರಾಯ. ಎರಡು ದಿನ ಆಯ್ತು.

ಪ್ರಹ್ಲಾದ: ಮದುವೆ ನಿಲ್ಸು, ಆರೂ ತಗೋ.

ಲತೀಶ್: ಸತ್ಯ ಹೇಳಿದೆನಲ್ಲ! ನಂಬ್ಲಿಲ್ಲ ಅವರು. ಬೇಡ ಬಿಡು, ನಾನು ಅಂಗಡಿಗೇ ಹೋಗ್ತೇನೆ.

ಪ್ರಹ್ಲಾದ ನಡು ಬೀದಿಯಲ್ಲಿ ಗಕ್ಕನೆ ನಿಂತ. ಆಮೇಲೆ ತನ್ನ ಸೈಕಲ್ ತಂದು ಗೆಳೆಯನ ಕೈಗೆ ಕೊಟ್ಟ.

ಪ್ರಹ್ಲಾದ: ಹೋಗು ಗುರೂ! ತಂಬಾಕಿಂದೋ ಬೇವಿಂದೋ, ಯಾವ ರುಚಿ ಇದ್ರೂ ತಗೋ. ಆಯಮ್ಮ ನಿನ್ನ ಮುಖ ಚೆನ್ನಾಗಿ ನೋಡ್ಲಿ. ನಾಳೆ ನಿಮ್ಮಾವ ಹೋದಾಗ ಅವಳೇ ಹೇಳ್ತಾಳೆ. ಆಗ ಸುಳ್ಳು ಹೇಳಿದ್ದು ನಾನು ಅಂತ ಗೊತ್ತಾಗಿ ಮದುವೆ ನಿಲ್ಲುತ್ತೆ.

ಲತೀಶ್: ಆಮೇಲೆ ನನ್ನ ಗತಿ?

ಪ್ರಹ್ಲಾದ: ಹೆಂಗಿದ್ರೂ ನಿಜ ಹೇಳಿದೀಯಲ್ಲ. ಅದಕ್ಕೊಂದು ಸಾಕ್ಷಿ ಸಿಗುತ್ತೆ ಅಷ್ಟೆ.

ಲತೀಶ್ ನಿಟ್ಟುಸಿರು ಬಿಟ್ಟು ಸೈಕಲ್ ಹತ್ತಿದ. ಮೇಲಿನ ಕಿಟಕಿ ತೆರೆಯಿತು.

ದೂಮಪ್ಪ: ಲತೀಶಾ, ಎಲ್ಲಿಗೆ?

ಲತೀಶ್: ಸ್ಟೇಷನ್ ಹತ್ರದ ಅಂಗಡಿಗೆ ಮಾವ. ಸೇದುವ ಸಾಮಾನು ತರ್ಲಿಕ್ಕೆ.

ದೂಮಪ್ಪ: ತಮಾಷೆ ಸಾಕು ಮಾರಾಯ! ಬರುವಾಗ ಹತ್ತು ಪೋಸ್ಟ್‌ಕಾರ್ಡ್ ತಾ. ಮದುವೆ ಸುದ್ದಿ ಊರಿಗೆಲ್ಲ ಬರೀಬೇಕು.

ಪ್ರಹ್ಲಾದ: ತುಳಿಯೋ, ಬೇಗ ತುಳಿ! ಅಂಗಡೀಲಿರೋದೆಲ್ಲ ತಗೊಂಡ್ ಬಾ, ಪೋಸ್ಟ್‌ಕಾರ್ಡ್ ಒಂದು ಬಿಟ್ಟು!