ಮಾಳಿಗೆ ಕೋಣೆಯ ಸ್ಕಾಲರ್‌ಶಿಪ್ ಹುಡುಗಿ

ಬೇರೆಯವರ ಮನೆಗೆ ಬಾಡಿಗೆಯವರು ಬರುತ್ತಾರೆ, ನಮ್ಮ ಮನೆಗೆ ಗೊಂದಲ ಬರುತ್ತದೆ. ಕೊಟ್ಟೂರಿನ ನಮ್ಮ ಮಾಳಿಗೆ ಕೋಣೆಯಲ್ಲಿ ಇದ್ದು ಹೋದವರೆಲ್ಲ ಒಂದೊಂದು ಕಥೆ ಬಿಟ್ಟೇ ಹೋಗಿದ್ದಾರೆ. ಈ ಸಲದ ಕಥೆ ಡೆನ್ಮಾರ್ಕಿನಿಂದ ಬಂತು.

೧. ದತ್ತು ಹೋದವರಿಗೆ

ಹುಡುಗಿಗೆ ಇಪ್ಪತ್ತಾರು. ನಮ್ಮ ಸೀಮೆಯಲ್ಲಿ ಹುಟ್ಟಿ, ಕೂಸಿದ್ದಾಗಲೇ ದತ್ತು ಹೋಗಿ ಅಲ್ಲಿ ಬೆಳೆದವಳು. ಬಣ್ಣ ನಮ್ಮದು, ನಡಿಗೆ ಅವರದು. ಕನ್ನಡವನ್ನು ಮೊಬೈಲಿನಲ್ಲಿ ಅಷ್ಟಿಷ್ಟು ಕಲಿತು ಬಂದಿದ್ದಳು. ಹೀಗೆ ಪರದೇಶಕ್ಕೆ ದತ್ತು ಹೋದವರು ಹುಟ್ಟಿದ ಸೀಮೆಗೆ ಬಂದು, ಒಂದು ಮನೆಯಲ್ಲಿ ಮನೆಯವರಂತೆಯೇ ಮೂರು ತಿಂಗಳು ಬದುಕಲಿ ಎಂದು ಅಲ್ಲಿನ ಒಂದು ಸಂಸ್ಥೆ ಸ್ಕಾಲರ್‌ಶಿಪ್ ಕೊಡುತ್ತದಂತೆ. ಮೊದಲ ತಿಂಗಳು ನೋಡಿ ಅವರಿಗೆ ನಂಬಿಕೆ ಬಂದರೆ ಉಳಿದ ಎರಡು ತಿಂಗಳು. ಬರದಿದ್ದರೆ ವಾಪಸ್ ವಿಮಾನ.

ಹತ್ತನೇ ಕ್ಲಾಸಿಗೇ ಓದು ಮುಗಿಸಿದ ನನಗೆ, ಮಾರ್ಕ್ಸ್ ಕಾರ್ಡ್ ಕೇಳದ ಸ್ಕಾಲರ್‌ಶಿಪ್ ಇರುತ್ತದೆಂದೇ ಗೊತ್ತಿರಲಿಲ್ಲ. ಎದುರುಮನೆ ಅಜ್ಜಿಗಂತೂ ತಲೆಯೇ ಕೆಟ್ಟಿತು.

"ನನ್ನ ಸಣ್ಣ ಮಗನ್ನ ಚಿಗಟೇರಿ ಊರಾಗಿನ ತಂಗಿಗೆ ದತ್ತು ಕೊಟ್ಟೀನಿ. ಅವನಿಗೂ ಬರತೈತೇನವಾ?"

"ಪರದೇಶಕ್ಕ ಹೋಗಿರಬೇಕಂತ ಅಜ್ಜಿ."

"ಎರಡು ಬಸ್ಸು ಬದಲಿಸಿ ಹೋಗಬೇಕು. ಇದಕ್ಕಿಂತ ಪರದೇಶ ಯಾವುದೈತಿ?"

೨. ಯಾವ ಅಪ್ಪ?

ತಿಂಗಳ ವರದಿ ಕಳಿಸಬೇಕಿತ್ತು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಕರೆದೊಯ್ದೆ. ಸ್ಕಾಲರ್‌ಶಿಪ್ ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಜಾತಿ ಸರ್ಟಿಫಿಕೇಟ್?" ಎಂದ ಅಂಗಡಿಯವನು.

"ಗೊತ್ತಿಲ್ಲರಿ," ಎಂದಳು ಹುಡುಗಿ.

"ಅಪ್ಪನ ಆದಾಯ?"

"ಯಾವ ಅಪ್ಪ?"

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಅಕ್ಕಾರ, ನನ್ನ ಕಂಪ್ಯೂಟರಿನಾಗ ಒಬ್ಬ ಅಪ್ಪಗಷ್ಟ ಜಾಗ ಐತಿ."

ಕೊನೆಗೆ ಅವಳ ವರದಿಯ ಫಾರಂ ತೆಗೆದು ನೋಡಿದರೆ ಜಾತಿಯೂ ಇಲ್ಲ, ಆದಾಯವೂ ಇಲ್ಲ. ಕೇಳಿದ್ದು ಎರಡೇ: ಮನೆಯಲ್ಲಿ ಕೆಲಸ ಮಾಡುವ ಫೋಟೋ ಮತ್ತು "ಮನೆಯವರು ನಿಮ್ಮನ್ನು ಏನೆಂದು ಕರೆಯುತ್ತಾರೆ?"

ನಾವು ಕರೆಯುತ್ತಿದ್ದದ್ದು ಮೇಡಂ ಎಂದು. ಅದನ್ನೇ ಬರೆದಳು. ಅಂಗಡಿಯವನಿಗೆ ಮಾತ್ರ ಸಮಾಧಾನವಿಲ್ಲ. ನಾವು ಮೆಟ್ಟಿಲಿಳಿದ ಮೇಲೂ ಕೂಗಿದ: "ಯಾವುದಕ್ಕೂ ರೇಷನ್ ಕಾರ್ಡ್ ಜೆರಾಕ್ಸ್ ಲಗತ್ತಿಸ್ರಿ!"

೩. ಕುರ್ಚಿ

ಫೋಟೋಗೆಂದು ಅವಳು ರೊಟ್ಟಿ ತಟ್ಟಲು ನೆಲದ ಮೇಲೆ ಕೂತಳು. ನಮ್ಮತ್ತೆ ಎಬ್ಬಿಸಿಬಿಟ್ಟರು. "ಮನಿಗೆ ಬಂದಾಕಿ ಕೈಲಿ ರೊಟ್ಟಿ ತಟ್ಟಿಸಿದರ ಓಣಿಯವರು ನನ್ನ ಮಾರಿಗೆ ಉಗೀತಾರ!" ಎಂದು ಕುರ್ಚಿ ಹಾಕಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಓಣಿಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಹಿಂದೆ ನಿಂತರು. ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ನನ್ನ ಮೊಣಕೈ ಮಾತ್ರ ಫೋಟೋದಲ್ಲಿ ಬಂತು.

ಬಟ್ಟೆ ಒಗೆಯುವ ಫೋಟೋದಲ್ಲೂ ಕುರ್ಚಿ. ಕಸ ಗುಡಿಸುವ ಫೋಟೋದಲ್ಲಿ ಕುರ್ಚಿಯ ಜೊತೆಗೆ ಹಾರ.

ಸಂಸ್ಥೆಯಿಂದ ಉತ್ತರ ಬಂತು. "ನೀವು ಮನೆಯಲ್ಲಿದ್ದೀರೋ ಸಭೆಯಲ್ಲೋ ತಿಳಿಯುತ್ತಿಲ್ಲ. ಗುರುವಾರ ನಾಲ್ಕು ಗಂಟೆಗೆ ವಿಡಿಯೋ ಕರೆ ಮಾಡಿ ತೀರ್ಮಾನಿಸುತ್ತೇವೆ."

ಹುಡುಗಿ ಮಾಳಿಗೆ ಮೆಟ್ಟಿಲ ಮೇಲೆ ಕೂತು ಅತ್ತಳು. "ಅಕ್ಕಾ, ಅಲ್ಲೂ ನನ್ನ ನೋಡಿದವರು ಎಲ್ಲಿಂದ ಬಂದಿ ಅಂತಾರ. ಇಲ್ಲೂ ಕುರ್ಚಿ ಕೊಡ್ತೀರಿ."

ನಾನು ಸೆರಗಿನಿಂದ ಅವಳ ಕಣ್ಣು ಒರೆಸಿದೆ. ಅತ್ತೆಯೂ ಕರಗಿದರು. ಕರಗಿ ತಾವೇ ಎದ್ದು ಹೋಗಿ, ಮೆಟ್ಟಿಲ ಮೇಲೆ ಕೂರಬೇಡವೆಂದು ಒಂದು ಕುರ್ಚಿ ತಂದರು.

೪. ಹಾಲು

ಗುರುವಾರ ಅವಳಿಗೊಂದು ಕೆಲಸ ಕೊಡಲೇಬೇಕೆಂದು ನಾನು ಹಟ ಹಿಡಿದೆ. ಅತ್ತೆ ತುಂಬ ಯೋಚಿಸಿ, ಒಲೆಯ ಮೇಲಿನ ಹಾಲು ನೋಡಿಕೊಳ್ಳುವ ಕೆಲಸ ಕೊಟ್ಟರು. ಮೂರೂವರೆಗೆ ನಾನು ಹಿತ್ತಲಲ್ಲಿ ಮಗನಿಗೆ ಸ್ನಾನ ಮಾಡಿಸುತ್ತಿದ್ದೆ. ಸೀದ ವಾಸನೆ ಬಂತು. ಒಳಗೆ ಓಡಿದರೆ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯುತ್ತಿದೆ, ಇವಳು ಮೊಬೈಲ್ ಹಿಡಿದು ಗೋಡೆಗೆ ಒರಗಿದ್ದಾಳೆ.

"ಲೇ! ಕಣ್ಣು ಎಲ್ಲಿ ಇಟ್ಟೀಯಲೇ? ಎಮ್ಮಿ ಏನು ನಿಮ್ಮಪ್ಪ ಡೆನ್ಮಾರ್ಕಿಂದ ಕಳಿಸ್ಯಾನಾ? ನಿಂತು ನೋಡೋ ಕೆಲಸಾನೂ ಬರೂದಿಲ್ಲಂದ್ರ ಇನ್ನೇನು ಬರತೈತಿ ನಿನಗ? ತಗೋ ಅರಿವಿ, ಒರೆಸು!"

ಅವಳು ತಟ್ಟನೆ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಕೂತು ನೆಲ ಒರೆಸತೊಡಗಿದಳು. ಆಗ ನೋಡಿದೆ. ಮೊಬೈಲಿನಲ್ಲಿ ಇಬ್ಬರು ಬಿಳಿಯರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಕರೆ ಅರ್ಧ ಗಂಟೆ ಮೊದಲೇ ಬಂದಿತ್ತು.

ಹುಡುಗಿಯ ಎರಡು ತಿಂಗಳನ್ನು ನನ್ನ ನಾಲಿಗೆಯೇ ನುಂಗಿತ್ತು. ಅವರು ಏನೋ ಕೇಳಿದರು. ಅವಳು ಅರಿವೆ ಹಿಂಡುತ್ತಲೇ ನಾನಂದದ್ದನ್ನೆಲ್ಲ ಎಮ್ಮೆ ಸಮೇತ ಅವರ ಭಾಷೆಯಲ್ಲಿ ಹೇಳಿದಳು. ಹೇಳುವಾಗ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ಮರುದಿನ ಉತ್ತರ ಬಂತು. ಎರಡು ತಿಂಗಳು ಮಂಜೂರು. "ಅತಿಥಿಯನ್ನು ಯಾರೂ ಹೀಗೆ ಬೈಯುವುದಿಲ್ಲ" ಎಂದು ಬರೆದಿದ್ದರು. ಅವಳು ವರದಿಯಲ್ಲಿ ಮೇಡಂ ಎಂಬುದನ್ನು ತೆಗೆದು 'ಲೇ' ಎಂದು ತಿದ್ದಿದಳು.

ನಾನು ಸೆರಗು ಸರಿಮಾಡಿಕೊಂಡು ಅತ್ತೆಗೆ ಹೇಳಿದೆ, "ನೋಡಿದ್ರೇನ್ರಿ, ನಾ ಬೈದದ್ದಕ್ಕ ಸಿಕ್ಕೈತಿ."

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಅಂದರು, "ಎಂಟು ವರ್ಷದಿಂದ ನಿನಗ ನಾ ಬೈಯಾಕತ್ತೀನಿ, ನೀ ಮಾರಿ ಊದಿಸ್ಕೊಂಡು ತಿರುಗತೀ. ಈಗರ ತಿಳೀತಾ, ಅದು ಸ್ಕಾಲರ್‌ಶಿಪ್ ಅಂತ?"