ಸಣ್ಣಕ್ಕಿಯ ತಪ್ಪಲೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಬಡಗಿ ಇನ್ನಾಸಪ್ಪನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ತಪ್ಪಲೆ ಪಾಯಸದಿಂದ. ಅವನ ಹೆಂಡತಿ ಆರೋಗ್ಯಮ್ಮ ಆಗಸ್ಟಿನಲ್ಲಿ ಜ್ವರ ಬಿಟ್ಟು ಎದ್ದಾಗ, ಪಕ್ಕದ ಮನೆಯ ಚೌರಪ್ಪ ಹಿತ್ತಾಳೆ ತಪ್ಪಲೆಯ ತುಂಬ ಪಾಯಸ ತಂದುಕೊಟ್ಟಿದ್ದ. ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ಆ ಬೀದಿಯಲ್ಲಿಲ್ಲ. ಬೇರೆಯವರಾಗಿದ್ದರೆ ನಾಲ್ಕು ನಿಂಬೆಹಣ್ಣು ಹಾಕಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಇನ್ನಾಸಪ್ಪ ಮಾತ್ರ, ಕೊಟ್ಟರೆ ಅವನ ಪಾಯಸವನ್ನು ಮೀರಿಸುವಂಥದ್ದನ್ನೇ ತುಂಬಿ ಕೊಡುತ್ತೇನೆಂದು ಹಟ ಹಿಡಿದ. ನಾಲ್ಕು ತಿಂಗಳಾದರೂ ಅಂಥದ್ದೇನೂ ಸಿಗದೆ ತಪ್ಪಲೆ ಅಡುಗೆಮನೆಯಲ್ಲೇ ಉಳಿಯಿತು.

ಬೀದಿಯಲ್ಲಿದ್ದ ಕ್ರೈಸ್ತರ ಮನೆಗಳೇ ಎರಡು. "ಏಸುಸ್ವಾಮಿ ಹೇಳ್ದಂಗೆ ನಡೆಯೋನು ಅಂದ್ರೆ ಚೌರಪ್ಪ" ಎಂದು ಊರೆಲ್ಲ ಹೇಳುವಾಗ ಇನ್ನೊಂದು ಮನೆಯವನಿಗೆ ಹೇಗಾಗಬೇಡ? ಚೌರಪ್ಪ ಮಳೆಯಲ್ಲಿ ಯಾರಿಗೋ ಕೊಡೆ ಕೊಟ್ಟು ತಾನು ನೆನೆದು ಬರುತ್ತಿದ್ದ. ನೇಕಾರ ಪಿಳ್ಳಪ್ಪನ ತಾಯಿ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಕಾವಲು ಕೂತಿದ್ದ. ಇನ್ನಾಸಪ್ಪನೂ ಭಾನುವಾರ ತಪ್ಪದೆ ಪೂಜೆಗೆ ಹೋಗಿ ಮುಂದಿನ ಸಾಲಿನಲ್ಲೇ ಮೊಣಕಾಲೂರುತ್ತಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಚರ್ಚಿನ ಗುರುಗಳು, ಕೊಡುವವರು ಹೇಳಿಕೊಳ್ಳದೆ ಕೊಡಬೇಕು ಎಂದು ಪ್ರಸಂಗ ಮಾಡಿದರು. ಹೇಳಿಕೊಳ್ಳಬಾರದು ಸರಿ, ಜನಕ್ಕೆ ತಾನಾಗಿ ತಿಳಿದರೆ ತಪ್ಪೇನು ಎಂದು ಇನ್ನಾಸಪ್ಪ ಯೋಚಿಸಿದ.

ಹಬ್ಬದ ಹಿಂದಿನ ದಿನ ಆರೋಗ್ಯಮ್ಮ ಚರ್ಚು ತೊಳೆಯಲು ನಸುಕಿನಲ್ಲೇ ಹೋದಳು. ಇನ್ನಾಸಪ್ಪ ಅಡುಗೆಮನೆಗೆ ನುಗ್ಗಿದ. ಬೀದಿಯ ಕೊನೆಯ ಮುನಿಗಂಗಮ್ಮನಿಗೆ ನೂಲು ಸಿಗದೆ ತಿಂಗಳಿಂದ ಮಗ್ಗ ನಿಂತಿತ್ತು, ಮನೆಯಲ್ಲಿ ಮೂರು ಮಕ್ಕಳು. ಹಬ್ಬಕ್ಕೆಂದು ಆರೋಗ್ಯಮ್ಮ ಜೋಪಾನವಾಗಿಟ್ಟಿದ್ದ ಐದು ಸೇರು ಸಣ್ಣಕ್ಕಿಯನ್ನು ಅವನು ತಪ್ಪಲೆಗೆ ಸುರಿದ. ಮದುವೆಯಲ್ಲಿ ಬಂದ ತಪ್ಪಲೆಯೇ ಬೇಕಾಗಿತ್ತು, ಏಕೆಂದರೆ ಅದರ ಕಂಠದ ಮೇಲೆ ಅವನ ಹೆಸರು ಕೊರೆಸಿತ್ತು. ತಾನು ಹೇಳುವುದು ಬೇಡ, ಪಾತ್ರೆ ಹೇಳಲಿ. ಕತ್ತಲಲ್ಲಿ ಕಂಠ ಸವರಿ ನೋಡಿದ. ಚುಕ್ಕಿ ಚುಕ್ಕಿ ಅಕ್ಷರ ಬೆರಳಿಗೆ ತಗುಲಿತು. ಮುನಿಗಂಗಮ್ಮನ ಜಗಲಿಯ ಮೇಲೆ ತಪ್ಪಲೆ ಇಟ್ಟು, ಚಿಲಕ ಬಡಿದು ಓಡಿಬಂದ.

ಬೆಳಗಾದ ಮೇಲೆ ಜಗಲಿಯಲ್ಲಿ ಕೂತು, ಜನ ಬಂದು ಕೇಳಿದಾಗ "ಅಯ್ಯೋ, ನಾನಲ್ಲಪ್ಪ" ಎಂದು ನಗುವುದನ್ನು ಅಭ್ಯಾಸ ಮಾಡಿದ. ಯಾರೂ ಬರಲಿಲ್ಲ. ಕೆತ್ತುತ್ತಿದ್ದ ಉಳಿಯ ಹಿಡಿ ಕೆತ್ತಿ ಕೆತ್ತಿ ಹಲ್ಲುಕಡ್ಡಿಯಷ್ಟಾಯಿತು. ಮಧ್ಯಾಹ್ನ ಪಿಳ್ಳಪ್ಪ ಬಂದ.

"ಗೊತ್ತಾಯ್ತಾ ಇನ್ನಾಸಣ್ಣ? ಮುನಿಗಂಗಮ್ಮನ ಮನೆಗೆ ಯಾರೋ ಸಣ್ಣಕ್ಕಿ ಇಟ್ಟೋಗವ್ರೆ."

"ಅಯ್ಯೋ, ನಾನಲ್ಲಪ್ಪ."

"ನೀವು ಅಂತ ಯಾರಂದ್ರು? ಚೌರಪ್ಪ ಕಣಣ್ಣ. ತಪ್ಪಲೆ ಮೇಲೆ ಹೆಸ್ರೇ ಇದೆ."

ಇನ್ನಾಸಪ್ಪ ಉಳಿ ಬಿಸಾಡಿ ಎದ್ದ. ಒಳಗೆ ಓಡಿ ನೋಡಿದ. ಮದುವೆಯ ತಪ್ಪಲೆ ಮೂಲೆಯಲ್ಲಿ ತೆಪ್ಪಗೆ ಕೂತಿತ್ತು.

"ಚೌರಪ್ಪ ಒಪ್ಕೊಂಡ್ನಾ?" ಎಂದು ಹೊರಗೆ ಬಂದು ಕೇಳಿದ.

"ಎಲ್ಲಿ ಒಪ್ತಾನೆ? ನಂದಲ್ಲ ನಂದಲ್ಲ ಅಂತಾನೆ. ಅದೇ ನೋಡಿ ದೊಡ್ಡ ಗುಣ. ನಿಮ್ಮ ಗುರುಗಳೂ ಕೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ್ರಂತೆ."

ಇನ್ನಾಸಪ್ಪನಿಗೆ ಹೊಟ್ಟೆ ಉರಿದುಹೋಯಿತು. "ಲೋ ಪಿಳ್ಳಪ್ಪ, ಅದು ಕೊಟ್ಟೋನು ನಾನು ಕಣೋ."

ಪಿಳ್ಳಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಚೌರಪ್ಪನ ತಪ್ಪಲೆ ನಿಮ್ಮ ಕೈಗೆ ಹೆಂಗ್ ಬಂತು?"

ಪಕ್ಕದ ಮನೆಯ ಪಾತ್ರೆಯನ್ನು ನಾಲ್ಕು ತಿಂಗಳು ಇಟ್ಟುಕೊಂಡಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? "ತಮಾಷೆಗಂದೆ" ಎಂದ. "ಬೇರೆಯೋರ ಪುಣ್ಯಕ್ಕೆ ಆಸೆ ಬೀಳ್ಬಾರ್ದು ಇನ್ನಾಸಣ್ಣ" ಎಂದು ಬುದ್ಧಿ ಹೇಳಿ ಪಿಳ್ಳಪ್ಪ ಹೊರಟುಹೋದ.

ಸಂಜೆ ಆರೋಗ್ಯಮ್ಮ ಬಂದವಳು ಅಕ್ಕಿ ಡಬ್ಬ ತೆಗೆದಳು. ಅವಳ ದನಿ ಬೀದಿಯ ಎರಡೂ ತುದಿಗೆ ಕೇಳಿಸಿತು. ನಾಳೆ ಹಬ್ಬ, ಮನೆಯಲ್ಲಿ ಒಂದು ಹಿಡಿ ಅಕ್ಕಿಯಿಲ್ಲ. ಜನ ಜಗಲಿಗಳಿಗೆ ಬಂದು ನಿಂತರು. ಅಷ್ಟರಲ್ಲಿ ಚೌರಪ್ಪ ಅದೇ ತಪ್ಪಲೆ ಹೊತ್ತು ಬಂದ. ಅದರ ತುಂಬ ಸೊಗಡಿನ ಅವರೇಕಾಯಿ.

"ಮುನಿಗಂಗಮ್ಮ ಖಾಲಿ ಕೊಡಬಾರ್ದು ಅಂತ ತುಂಬಿ ಕೊಟ್ಲು. ಇದು ನಿಮಗೆ ಸೇರ್ಬೇಕಾದ್ದು" ಎಂದು ಇನ್ನಾಸಪ್ಪನ ಕೈಗಿತ್ತು, ಕಿವಿಯ ಹತ್ತಿರ ಬಗ್ಗಿದ. "ತಪ್ಪಲೆ ನಿಮ್ಮನೇಲಿತ್ತು ಅನ್ನೋದು ನಂಗೆ ಗೊತ್ತಿಲ್ವಾ ಇನ್ನಾಸಣ್ಣ? ಹೆಸರು ಗೊತ್ತಾಗ್ಬಾರ್ದು ಅಂತ ನನ್ನ ಪಾತ್ರೇಲಿ ಕೊಟ್ರಿ. ಇಷ್ಟು ದೊಡ್ಡ ಮನಸು ನಂಗಿಲ್ಲ. ನೀವೇನೂ ಹೆದರ್ಬೇಡಿ. ಮಾತೆ ಮರಿಯಮ್ಮನ ಆಣೆ, ಸಾಯೋವರ್ಗೂ ಯಾರಿಗೂ ಹೇಳಲ್ಲ."

"ಇಲ್ಲ, ನೀನು ಬೇಕಾದ್ರೆ ಯಾರಿಗಾದ್ರೂ..." ಎಂದು ಇನ್ನಾಸಪ್ಪ ಬಾಯಿ ತೆರೆದ. ಚೌರಪ್ಪ ಆಗಲೇ ಕೈಮುಗಿದು ಹಿಂತಿರುಗಿದ್ದ.

"ನೋಡ್ರಪ್ಪ" ಎಂದು ಎದುರು ಜಗಲಿಯಿಂದ ಪಿಳ್ಳಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ, "ತನಗೆ ಬಂದಿದ್ದನ್ನೂ ಇಟ್ಕೊಳ್ಲಿಲ್ಲ. ಪಾಪ, ಇನ್ನಾಸಪ್ಪನ ಮನೇಲಿ ಹಬ್ಬಕ್ಕೆ ಅಕ್ಕಿಯಿಲ್ಲ ಅಂತ ಗೊತ್ತಾಗಿ ತಂದುಕೊಟ್ಟ."

ಆರೋಗ್ಯಮ್ಮ ತಪ್ಪಲೆಯ ಕಂಠದ ಹೆಸರು ಓದಿದಳು. ಗಂಡನ ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ನಾಳೆ ಹಬ್ಬಕ್ಕೆ ರಾಗಿಮುದ್ದೆ, ಅವರೇಕಾಳು ಸಾರು" ಎಂದಳು. "ಅದಿರ್ಲಿ, ಈ ತಪ್ಪಲೆಗೆ ಈಗ ಏನು ತುಂಬಿ ಕೊಡ್ತೀರಿ?"