ಖಾಲಿ ಕುರ್ಚಿಯ ವಾಸನೆ

ವಾಸನೆ ಹಿಡಿಯುವ ಕೆಲಸಕ್ಕೆ ಇಳಿದವನ ಬೆನ್ನಿಗೆ ದೆವ್ವ ಬೀಳುವುದು ತಪ್ಪುವುದಿಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ದಾವಣಗೆರೆಯಲ್ಲೇ ಏನಾದರೂ ಮಾಡಿಕೊಂಡಿರುತ್ತಿದ್ದೆ. ಈಗ ಅಹಮದಾಬಾದಿನ ನರೋಡಾದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ನಾವು ಮಾಡುವುದು ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಮಲಮೂತ್ರ ತಡೆಯಲಾಗದೆ ಬಟ್ಟೆಯಲ್ಲೇ ಆಗಿಬಿಡುವವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಇಲ್ಲವೇ ಕುರ್ಚಿಯ ಕೆಳಗೆ ಅಂಟಿಸಬಹುದು. ಪಕ್ಕದವರ ಮೂಗಿಗೆ ತಿಳಿಯುವ ಮೊದಲೇ ಡಬ್ಬಿ ವಾಸನೆ ಹಿಡಿದು ಅವರ ಫೋನನ್ನು ನಡುಗಿಸುತ್ತದೆ. ಎದ್ದು ಹೋಗಿ ಬಟ್ಟೆ ಬದಲಿಸಿಕೊಂಡರೆ ಮಾನ ಉಳಿಯಿತು. ಪುಣ್ಯದ ಕೆಲಸವೇ, ಆದರೂ ಅಮ್ಮನಿಗೆ ಇವತ್ತಿಗೂ 'ಕಂಪ್ಯೂಟರ್ ಕೆಲಸ' ಎಂದಷ್ಟೇ ಹೇಳಿದ್ದೇನೆ.

೧. ಬಾಗಿಲಿನಿಂದ ಕಿಟಕಿಗೆ

ಮೇ ತಿಂಗಳ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ಉದ್ದನೆಯ ಮೇಜಿನ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ಹನ್ನೆರಡು ಡಬ್ಬಿ ಸಾಲಾಗಿದ್ದವು. ಹೊರಗೆ ಬಿಸಿಲಿಗೆ ಒಂದು ನಾಯಿಯೂ ಇರಲಿಲ್ಲ.

ಬಾಗಿಲ ಬಳಿಯ ಡಬ್ಬಿಯ ಕೆಂಪು ದೀಪ ತಾನಾಗಿ ಹೊತ್ತಿತು. ಸ್ವಲ್ಪ ಹೊತ್ತಿಗೆ ಎರಡನೆಯದು, ಆಮೇಲೆ ಮೂರನೆಯದು. ಕಾಣದ ಯಾರೋ ಮೇಜಿನ ಅಂಚು ಹಿಡಿದು ನನ್ನ ಕಡೆಗೇ ನಡೆದು ಬರುತ್ತಿದ್ದರು. ಒಂಬತ್ತನೆಯದು ನನ್ನ ಮೊಣಕೈ ಪಕ್ಕದಲ್ಲಿತ್ತು. ಅದೂ ಹೊತ್ತಿದಾಗ ನಾನು ಆಂಜನೇಯನನ್ನು ನೆನೆಯುತ್ತ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತೆ.

ಅಷ್ಟರಲ್ಲಿ ಕಂಪನಿಯ ಸಾಹೇಬರು ಬಂದರು. ಬಾಗಿಲ ಹಿಂದಿನ ಸ್ಟೂಲಿನ ಮೇಲೆ ಯಾರೋ ಬಿಟ್ಟು ಹೋದ ಒಂದು ಲೋಟ ಛಾಸ್ ಇತ್ತು. ಇಲ್ಲಿಯವರ ಮಜ್ಜಿಗೆ ಅದು, ಕಪ್ಪು ಉಪ್ಪು ಹಾಕಿದ್ದು. ಆ ಉಪ್ಪಿನ ಕೊಳೆತ ಮೊಟ್ಟೆಯಂಥ ನಾತವನ್ನು ಗೋಡೆಯ ಫ್ಯಾನು ಒಂದೊಂದೇ ಡಬ್ಬಿಗೆ ತಲುಪಿಸುತ್ತಿತ್ತು. ಸಾಹೇಬರು ನನ್ನ ದೆವ್ವವನ್ನು ಎರಡೇ ಗುಟುಕಿಗೆ ಕುಡಿದು ಮುಗಿಸಿದರು.

೨. ಕೇಳದೆ ಬಂದ ವಡೆ

ನಾನಿರುವುದು ನವರಂಗಪುರದಲ್ಲಿ. ಅದೇ ಬೀದಿಯಲ್ಲಿ ಉಡುಪಿ ಕಡೆಯ ದಂಪತಿಗಳ ಹೋಟೆಲಿದೆ, ಮಹಡಿಯ ಮೇಲೆ ಅವರ ಮನೆ. ಎರಡನೇ ಸಲ ಚಟ್ನಿ ಕೇಳಿದರೆ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ. ಯಜಮಾನಿತಿ ಮಹಾ ದೈವಭಕ್ತೆ, ದಿನಕ್ಕೆ ಹತ್ತು ಸಲ ಊದುಬತ್ತಿ ಹಚ್ಚುತ್ತಾರೆ. ಅವರಿಗಿಂತ ಮೊದಲು ಅವರ ಹೊಗೆ ಬರುತ್ತದೆ. ದೋಸೆಗೂ ಮಲ್ಲಿಗೆಯ ಪರಿಮಳ.

ಒಂದು ದಿನ ಯಜಮಾನರು ನನ್ನ ಕೆಲಸವೇನೆಂದು ಕೇಳಿದರು. ಹೇಳಿದೆ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಐದು ನಿಮಿಷದಲ್ಲಿ ನನ್ನ ಮುಂದೆ ಕೇಳದೆಯೇ ಒಂದು ವಡೆ ಬಂತು. ಈ ಯಜಮಾನರು ಕಷ್ಟದಲ್ಲಿದ್ದಾರೆ ಎಂದು ಆಗಲೇ ಅಂದುಕೊಂಡೆ.

ಮೂರು ತಿಂಗಳ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಅವರಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಗಲ್ಲಾದ ಕುರ್ಚಿ ಬಿಟ್ಟು ಅಡುಗೆಮನೆಯಲ್ಲೇ ನಿಂತುಕೊಂಡಿರುತ್ತಿದ್ದರು. ಮುಂದಿನ ತಿಂಗಳು ಸೂರತ್ತಿನಲ್ಲಿ ಒಬ್ಬಳೇ ಮಗಳ ನಿಶ್ಚಿತಾರ್ಥ. ಇಡೀ ಬೀಗರ ಸಭೆಯಲ್ಲಿ ಕೂರಬೇಕು. ಹೆಂಡತಿ ಬೇರೆ, ದೇವರಿಗೆ ದೀಪ ಹಚ್ಚುವವರಿಲ್ಲ, ನೀವೊಬ್ಬರೇ ಹೋಗಿ ಬನ್ನಿ ಎನ್ನುತ್ತಿದ್ದಾರಂತೆ.

"ಅವಳಿಗೆ ಇದು ಗೊತ್ತಾಗಬಾರದು ಮಾರಾಯ್ರೆ," ಎಂದರು.

ಒಂದು ಡಬ್ಬಿಯನ್ನು ಗಲ್ಲಾದ ಕುರ್ಚಿಯ ಕೆಳಗೆ ಅಂಟಿಸಿ, ಅಲ್ಲೇ ಕೂತು ಅಭ್ಯಾಸ ಮಾಡಿಕೊಳ್ಳಿ ಎಂದೆ. ಮರುದಿನ ಎರಡನೇ ಚಟ್ನಿ ಕೇಳಿ ನೋಡಿದೆ. ಕಿವಿ ಕೇಳಿಸಲಿಲ್ಲ.

೩. ಮೂರೂವರೆಗೆ ಬರುವವರು

ಒಂದು ವಾರ ಎಲ್ಲ ಸರಿಯಿತ್ತು. ಆಮೇಲೊಂದು ಸಂಜೆ ಯಜಮಾನರು ಬಿಳಿಚಿಕೊಂಡು ನನ್ನ ಕೋಣೆಗೆ ಬಂದರು. ಮಧ್ಯಾಹ್ನ ಮೂರೂವರೆಗೆ ಮಾರ್ಕೆಟ್ಟಿನಲ್ಲಿ ಸೌತೆಕಾಯಿ ಆರಿಸುತ್ತಿದ್ದಾಗ ಫೋನು ನಡುಗಿತಂತೆ. ಆ ಹೊತ್ತಿನಲ್ಲಿ ಹೋಟೆಲಿಗೆ ಬೀಗ, ಆಳುಗಳು ಮಲಗಿರುತ್ತಾರೆ, ಕುರ್ಚಿ ಖಾಲಿ. ಹಿಂದಿನ ದಿನವೂ ಅದೇ ಹೊತ್ತಿಗೆ ನಡುಗಿತ್ತಂತೆ.

"ಹೋಟೆಲು ಸುರು ಮಾಡಿದ್ದು ಅಪ್ಪ. ಸಾಯುವವರೆಗೂ ಅದೇ ಕುರ್ಚಿಯಲ್ಲಿ ಕೂತದ್ದು. ಕೊನೆಗೆ ಅವರಿಗೂ ಇದೇ ತೊಂದರೆ ಇತ್ತು," ಎಂದರು.

ನಾನು ಮತ್ತೆ ಆಂಜನೇಯನನ್ನು ನೆನೆದೆ. ಆದರೂ ಛಾಸ್ ಕಲಿಸಿದ ಪಾಠ ಮರೆತಿರಲಿಲ್ಲ. ಊದುಬತ್ತಿಯ ಹೊಗೆಯೇ ಡಬ್ಬಿಯನ್ನು ಕೆಣಕುತ್ತಿರಬೇಕೆಂದುಕೊಂಡು, ಒಂದು ವಾರ ಅದನ್ನು ನಿಲ್ಲಿಸಬಹುದೇ ಎಂದು ಯಜಮಾನಿತಿಯನ್ನು ಕೇಳಿದೆ. ಅವರ ಮುಖ ಕಪ್ಪಿಟ್ಟಿತು. ದೇವರ ವಿಷಯಕ್ಕೆ ಬರಬೇಡ ಎಂದು ಹೇಳಿ ಒಳಗೆ ಹೋದರು.

ಮೂರನೇ ದಿನ ಯಜಮಾನರೂ ನಾನೂ ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ಕೂತೆವು. ಅಪ್ಪನಿಗೆ ಒಡೆಯಲು ಅವರು ಒಂದು ತೆಂಗಿನಕಾಯಿಯನ್ನೂ ಇಟ್ಟುಕೊಂಡಿದ್ದರು. ಹೊರಗೆ, ಬಾಗಿಲು ಹಾಕಿದ್ದ ಹೋಟೆಲಿನಲ್ಲಿ, ಮೇಜುಗಳ ಮೇಲೆ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡಿದ್ದವು. ಯಾರೂ ಹಾಕದಿದ್ದ ಫ್ಯಾನು ತಿರುಗತೊಡಗಿತು. ಹೊಗೆಯ ಒಂದು ಎಳೆ ಅರೆಗತ್ತಲಲ್ಲಿ ತೇಲಿ ಬಂತು. ಗಲ್ಲಾದ ಕುರ್ಚಿ ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಯಜಮಾನರ ಕೈಯಲ್ಲಿ ಫೋನು ನಡುಗಿತು. ಅವರು ತೆಂಗಿನಕಾಯಿಯನ್ನು ಎದೆಗವಚಿಕೊಂಡರು.

"ಅಪ್ಪ, ಹೋಟೆಲು ಚೆನ್ನಾಗಿಯೇ ನಡೀತಾ ಉಂಟು," ಎಂದು ಅವರು ಮೆಲ್ಲಗೆ ವರದಿ ಒಪ್ಪಿಸಿದರು.

ಆಗ ಬಳೆಗಳ ಸದ್ದು ಕೇಳಿಸಿತು. ಯಜಮಾನರು ನನ್ನತ್ತ ತಿರುಗಿ, "ಅಪ್ಪ ಬಳೆ ಹಾಕುತ್ತಿರಲಿಲ್ಲ," ಎಂದರು.

೪. ಮಲ್ಲಿಗೆ ಬತ್ತಿ

ಕುರ್ಚಿಯಲ್ಲಿ ಯಜಮಾನಿತಿ ಕೂತಿದ್ದರು. ಪಕ್ಕದಲ್ಲಿ ಊದುಬತ್ತಿ. ತೆಂಗಿನಕಾಯಿ ಹಿಡಿದು ಬಂದ ಗಂಡನನ್ನು ಕಂಡು ಅವರು ಏಳಲು ಹೋದರು, ಏಳಲಿಲ್ಲ. ಸೀರೆಯನ್ನು ಮುದುಡಿ ಹಿಡಿದುಕೊಂಡು ಅಳತೊಡಗಿದರು.

ಮಗಳು ಹುಟ್ಟಿದಾಗಿನಿಂದಲೂ ಅವರಿಗೆ ಅದೇ ತೊಂದರೆ. ತಾಯಿಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ಜನರಿರುವಾಗ ಆ ಕುರ್ಚಿಯಲ್ಲಿ ಕೂರುವ ಧೈರ್ಯ ಬಾರದೆ, ಈಚೆಗೆ ಮೂರು ದಿನದಿಂದ ಯಾರೂ ಇಲ್ಲದ ಹೊತ್ತಿನಲ್ಲಿ ಮಹಡಿಯಿಂದ ಇಳಿದು ಬಂದು ಕೂತು ಬಾಗಿಲ ಸಂದಿಯಿಂದ ಬೀದಿ ನೋಡುತ್ತಿದ್ದರು. ಸೂರತ್ತಿಗೆ ಬರುವುದಿಲ್ಲ ಎಂದದ್ದೂ ಅದಕ್ಕೇ. ಊದುಬತ್ತಿ ನಿಲ್ಲಿಸಿ ಎಂದು ಅವರಿಗೆ ಹೇಳಿದ್ದ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಯಜಮಾನರು ಕಾಯಿಯನ್ನು ಗಲ್ಲಾದ ಮೇಲಿಟ್ಟು ತಮ್ಮ ಕಥೆ ಹೇಳಿದರು, ಡಬ್ಬಿಯನ್ನೂ ತೋರಿಸಿದರು. ಯಜಮಾನಿತಿ ಕಣ್ಣೊರೆಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮಗೆ ಮೂರು ತಿಂಗಳಿಗೇ ಮಿಷನು ಬಂತು. ನಾನು ಇಪ್ಪತ್ತಾರು ವರ್ಷ ದೇವರ ಹೆಸರಲ್ಲಿ ಬತ್ತಿ ಉರಿಸಿದೆ. ಪುಣ್ಯವಾದರೂ ಬಂತೋ ಇಲ್ಲವೋ," ಎಂದರು.

೫. ಸೂರತ್ತಿನಲ್ಲಿ ಎದ್ದು ನಿಂತ ಸಭೆ

ಇಬ್ಬರ ಸೊಂಟಕ್ಕೂ ಒಂದೊಂದು ಡಬ್ಬಿ ಸಿಕ್ಕಿಸಿ ಸೂರತ್ತಿಗೆ ಹೊರಟೆವು. ಯಜಮಾನಿತಿಯದು ಹಳೆಯ ಫೋನಾದ್ದರಿಂದ ಎರಡನ್ನೂ ಯಜಮಾನರ ಫೋನಿಗೇ ಜೋಡಿಸಿದ್ದೆ. ನಡುಗಿದಾಗ ಯಾರದ್ದೆಂದು ತಿಳಿಯುವ ಉಪಾಯ ಮಾತ್ರ ಮಾಡಿರಲಿಲ್ಲ.

ಇನ್ನೇನು ಉಂಗುರ ಹಾಕಬೇಕು, ಫೋನು ನಡುಗಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಒಟ್ಟಿಗೇ ಎದ್ದು ನಿಂತರು. ಕನ್ನಡದವರಲ್ಲಿ ಉಂಗುರಕ್ಕೆ ಮೊದಲು ಎದ್ದು ನಿಲ್ಲುವ ಶಾಸ್ತ್ರವಿರಬೇಕೆಂದು ಬೀಗರೂ ಎದ್ದರು. ಅವರನ್ನು ನೋಡಿ ಇಡೀ ಸಭೆ ಎದ್ದಿತು. ಪುರೋಹಿತರು ಗಾಬರಿಯಾಗಿ ಮಂತ್ರವನ್ನು ಅರ್ಧಕ್ಕೇ ಬಿಟ್ಟು ಮಂಗಳಾರತಿ ಎತ್ತಿಬಿಟ್ಟರು. ಇಬ್ಬರೂ ಜನರ ನಡುವೆ ಕೈ ಕೈ ಹಿಡಿದು ಟಾಯ್ಲೆಟ್ಟಿನ ಕಡೆಗೆ ನಡೆದರೆ, ಯಾರೋ ಭಕ್ತಿಯಿಂದ ಅಕ್ಷತೆ ಹಾಕಿದರು.

ಇಬ್ಬರ ಬಟ್ಟೆಯೂ ಒಣಗಿಯೇ ಇತ್ತು. ಅವರ ಬೆನ್ನ ಹಿಂದೆ ಛಾಸ್ ತುಂಬಿದ ಲೋಟಗಳ ತಟ್ಟೆ ಹಾದುಹೋಗಿತ್ತು.

ನಾನು ನಾಚಿ, ನಾಳೆಯೇ ಯಜಮಾನಿತಿಗೆ ಬೇರೆ ಫೋನು ಜೋಡಿಸಿ ಕೊಡುತ್ತೇನೆ, ಯಾರದ್ದೋ ಅವರೊಬ್ಬರೇ ಎದ್ದರೆ ಸಾಕು ಎಂದೆ. ಯಜಮಾನಿತಿ ಗಂಡನ ಹೆಗಲಿನ ಅಕ್ಷತೆ ಕೊಡವುತ್ತಿದ್ದರು.

"ಬೇಡ ಮಾರಾಯ," ಎಂದರು, "ಇಪ್ಪತ್ತಾರು ವರ್ಷ ಒಬ್ಬಳೇ ಎದ್ದು ಹೋಗಿದ್ದೇನೆ. ಇನ್ನು ಇವರೂ ಬರಲಿ."